ಹುಳಿತೇಗಿಗೆ ಎತ್ತಿದ ಕೈ

ತಾಯಿಯನ್ನು ನಂಬಿದ ಎಲ್ಲರಿಗೂ ಅಂಕೋಲೆ ಪೇಟೆಯಲ್ಲಿ ಮೀನು ಮಾರುವ ಸುಮಿತ್ರಾಳ ನಮಸ್ಕಾರ. ದೇವಿಯ ಕೃಪೆ ಕಂಡವರ ಮಾತು ಸೇರಿಸಿ ನಮ್ಮ ದೇವಸ್ಥಾನ ತರುವ ಈ ವರ್ಷದ ಪುಸ್ತಕಕ್ಕೆ ನೀನೂ ಬರೆದುಕೊಡು ಎಂದು ಪೂಜೆ ಮಾಡುವ ಗುನಗ ಬೀರಣ್ಣ ಹೇಳಿದಾಗಲೆಲ್ಲ ನಾನು ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡೆ. ಉಳಿದವರು ಬರೆದದ್ದನ್ನು ನಾನು ಓದಿದ್ದೇನೆ. ಮಕ್ಕಳಾದದ್ದು, ಗಾಳಿಗೆ ಸಿಕ್ಕ ದೋಣಿ ದಡ ಮುಟ್ಟಿದ್ದು, ಎಲ್ಲವೂ ಓದುತ್ತಲೇ ಕೈ ಮುಗಿಯುವಂಥವು. ನನ್ನದು ತೇಗಿನ ಕತೆ. ಹೌದು, ಹೊಟ್ಟೆಯಿಂದ ಬರುವ ತೇಗಿನದೇ. ಬರೆಯಲು ಕೂತರೆ ಈಗಲೂ ಮುಖ ಬಿಸಿಯಾಗುತ್ತದೆ. ಆದರೂ ತಾಯಿ ನನ್ನ ಪ್ರಾರ್ಥನೆಗೆ ಓಗೊಟ್ಟದ್ದು ನಿಜ, ಅದನ್ನು ಮುಚ್ಚಿಟ್ಟರೆ ಇನ್ನೂ ದೊಡ್ಡ ನಾಚಿಕೆ.

ನನಗೆ ನಲವತ್ತಾರು ವರ್ಷ. ಕತ್ತಲಿರುವಾಗಲೇ ಎದ್ದು, ಟೆಂಪೊ ಹಿಡಿದು, ಕಾರವಾರದ ಬಂದರಿನಲ್ಲಿ ಹರಾಜು ಕೂಗುವ ಹೊತ್ತಿಗೆ ಅಲ್ಲಿರಬೇಕು. ಬಂಗಡೆಯೋ ತಾರ್ಲಿಯೋ ಸಿಕ್ಕಿದ್ದನ್ನು ಎತ್ತಿಕೊಂಡು ಬಿಸಿಲೇರುವುದರೊಳಗೆ ಅಂಕೋಲೆಯಲ್ಲಿ ಬುಟ್ಟಿ ಇಳಿಸಬೇಕು. ಈ ಕೆಲಸಕ್ಕೆ ಬೇಕಾದದ್ದು ಸೊಂಟ ಮತ್ತು ದನಿ. ನನ್ನ ದನಿ ಎಷ್ಟು ದೊಡ್ಡದೆಂದರೆ, ಅರ್ಗಾದ ನೌಕಾನೆಲೆಯಲ್ಲಿ ಗುತ್ತಿಗೆಯ ಮೇಲೆ ಬಣ್ಣ ಬಳಿಯುವ ನನ್ನ ಗಂಡ ಗಣಪತಿ, "ನೀ ಪೇಟೆಯಲ್ಲಿ ಕೂಗಿದ್ದು ನಂಗೆ ಅರ್ಗಾಕ್ಕೆ ಕೇಳ್ತು" ಎಂದು ಛೇಡಿಸುತ್ತಿದ್ದರು. ಅದೇ ದನಿಯಲ್ಲಿ ಮಂಗಳವಾರ, ಶುಕ್ರವಾರ ಸಂಜೆ ದೇವಸ್ಥಾನದಲ್ಲಿ ಆರತಿಯ ಹಾಡನ್ನು ಎತ್ತಿಕೊಡುವವಳೂ ನಾನೇ. ನನಗೆ ಅದೊಂದೇ ಹೆಮ್ಮೆ ಇತ್ತು.

ಎರಡು ವರ್ಷದ ಹಿಂದೆ ಎದೆಯ ನಡುವೆ ಉರಿ ಶುರುವಾಯಿತು. ಮಲಗಿದರೆ ಹುಳಿ ನೀರು ಗಂಟಲ ತನಕ ಬರುವುದು, ಬೆಳಿಗ್ಗೆ ಬಾಯಿ ಕಹಿ, ದನಿ ಒಡೆದು ಹೋಗುವುದು. ಪೇಟೆಯ ಹೆಂಗಸರೆಲ್ಲ ಪಿತ್ತ ಎಂದರು. ಚಿತ್ತಾಕುಲದಲ್ಲಿರುವ ನನ್ನ ಅಕ್ಕ ಒಂದು ಬಾಟಲಿ ತುಂಬ ಮುರುಗಲು ಹಣ್ಣಿನ, ಅಂದರೆ ಕೋಕಂನ, ಸಾರ ಕಳಿಸಿ, "ದಿನಾ ಕೋಕಂ ಕಡಿ ಮಾಡ್ಕಂಡು ಕುಡಿ, ಪಿತ್ತ ಇಳೀತದೆ" ಎಂದಳು. ಮೆಣಸು, ಬೆಳ್ಳುಳ್ಳಿ ಹಾಕಿದ ಆ ಹುಳಿಯನ್ನು ನಾನು ಲೋಟಗಟ್ಟಲೆ ಕುಡಿದೆ. ಕುಡಿದಾಗ ತಂಪು, ಗಳಿಗೆ ಕಳೆದರೆ ಬೆಂಕಿ. ಔಷಧಿ ಅಂಗಡಿಯ ಗುಲಾಬಿ ಬಣ್ಣದ ದ್ರಾವಣವನ್ನೂ ಕುಡಿದೆ. ಅದು ಆ ಹೊತ್ತಿಗೆ ಸಮಾಧಾನ ಕೊಡುತ್ತಿತ್ತು, ಅಷ್ಟೇ.

ಮನುಷ್ಯರ ಮದ್ದು ಮುಗಿದಾಗ ನಾನು ತಾಯಿಯ ಮುಂದೆ ಹರಕೆ ಹೊತ್ತೆ. ಮೊದಲು ಶುಕ್ರವಾರ ಮಾತ್ರ ಉಪವಾಸವಿತ್ತು. ಮಂಗಳವಾರ ಸೇರಿಸಿದೆ. ಉರಿ ಹೋಗಲಿಲ್ಲ. ನನ್ನ ಉಪವಾಸ ಸಾಲದು ಎಂದುಕೊಂಡು ಸೋಮವಾರವನ್ನೂ, ಏಕಾದಶಿಯನ್ನೂ ಸೇರಿಸಿದೆ. ನಮ್ಮ ಉಪವಾಸ ಹೇಗೆಂದು ನಿಮಗೆ ಗೊತ್ತು. ಅನ್ನ ಮುಟ್ಟುವಂತಿಲ್ಲ, ಚಹಾಕ್ಕೆ ಅಡ್ಡಿಯಿಲ್ಲ. ದಿನವಿಡೀ ಬರೀ ಹೊಟ್ಟೆಗೆ ಚಹಾ, ಹಸಿವೆ ತಡೆಯಲು ಎಲೆ-ಅಡಿಕೆಯ ಕವಳ, ಬುಟ್ಟಿ ಹೊತ್ತು ಸೊಂಟ ನೊಂದರೆ ಅದೇ ಬರೀ ಹೊಟ್ಟೆಗೆ ಒಂದು ನೋವಿನ ಮಾತ್ರೆ. ಆರತಿ ಮುಗಿಸಿ ಮನೆಗೆ ಬಂದರೆ ಎಣ್ಣೆ ಸುರಿದು ಹುರಿದ ಸಾಬುದಾಣಿ, ಶೇಂಗಾ, ಹಸಿಮೆಣಸು, ಒಂದು ತಟ್ಟೆಯ ಬದಲು ಎರಡು ತಟ್ಟೆ. ನಸುಕಿಗೆ ಏಳಬೇಕಲ್ಲ, ತಿಂದ ಕೈ ತೊಳೆದವಳೇ ಮಲಗುತ್ತಿದ್ದೆ. ಆಮೇಲೆ ಉರಿಯಲ್ಲಿ ಎದ್ದು ಕೂತು, "ತಾಯೀ, ಇಷ್ಟು ಮಾಡಿದರೂ ಕರುಣೆ ಇಲ್ಲವೇ" ಎಂದು ಅಳುತ್ತಿದ್ದೆ.

ಕಳೆದ ಕಾರ್ತಿಕದ ಒಂದು ಶುಕ್ರವಾರ ನಡೆದದ್ದನ್ನು ನಮ್ಮ ಊರಿನವರು ಕಣ್ಣಾರೆ ಕಂಡಿದ್ದಾರೆ. ದೀಪೋತ್ಸವದ ದಿನವಾದ್ದರಿಂದ ದೇವಸ್ಥಾನ ತುಂಬಿತ್ತು. ಆರತಿ ಎತ್ತಿದರು, ನಾನು ಹಾಡು ಎತ್ತಿದೆ. ಎರಡನೇ ಸಾಲಿಗೆ ಎದೆಯೊಳಗಿಂದ ಏನೋ ಉಕ್ಕಿ ಬಂದು ಹಾಡು ನಿಂತು ತೇಗು ಹೊರಟಿತು. ಸಣ್ಣದಲ್ಲ. ನನ್ನ ಕೂಗು ಹೇಗೋ ನನ್ನ ತೇಗೂ ಹಾಗೆಯೇ. ಒಂದರ ಹಿಂದೆ ಒಂದು ಬಂದವು. ಉರಿ ತಡೆಯಲಾರದೆ ಮೈ ಬಗ್ಗಿ ನಡುಗತೊಡಗಿತು, ಕಣ್ಣಲ್ಲಿ ನೀರು ಇಳಿಯಿತು, ಮುಡಿ ಬಿಚ್ಚಿತು.

ದೇವಿ ಮೈಮೇಲೆ ಬರುವುದಕ್ಕೆ ನಮ್ಮಲ್ಲಿ ಭಾರ ಬರುವುದು ಎನ್ನುತ್ತಾರೆ. ಭಾರ ಬರುವ ಮನುಷ್ಯನಿಗೆ ಮೊದಲು ಬರುವುದೇ ಇಂಥ ದೊಡ್ಡ ತೇಗುಗಳು, ಆಮೇಲೆ ನಡುಕ. ನಮ್ಮ ದೇವಸ್ಥಾನದಲ್ಲಿ ಭಾರ ಬರುತ್ತಿದ್ದ ಅಜ್ಜ ತೀರಿಕೊಂಡ ಮೇಲೆ ಯಾರಿಗೂ ಬಂದಿರಲಿಲ್ಲ. "ತಾಯಿ ಬಂತು! ಸುಮಿತ್ರಾ ಮೇಲೆ ತಾಯಿ ಬಂತು!" ಎಂದು ಯಾರೋ ಕೂಗಿದರು. ಡೋಲಿನವರು ಬಡಿತ ಜೋರು ಮಾಡಿದರು. ಯಾರೋ ನನ್ನ ಹಣೆಗೆ ಕುಂಕುಮ ಬಳಿದರು. ಹೆಂಗಸರು ಕಾಲಿಗೆ ಬಿದ್ದರು. ಅಲ್ಲ ಎನ್ನಲು ಬಾಯಿ ತೆರೆದರೆ ಇನ್ನೊಂದು ತೇಗು ಬಂತು, ಅವರು ಇನ್ನಷ್ಟು ಬಗ್ಗಿದರು.

ಅಷ್ಟರಲ್ಲಿ ನಾಗಮ್ಮಜ್ಜಿ ಎದುರು ಬಂದಳು. ಅವಳು ನನ್ನ ಪಕ್ಕದಲ್ಲಿ ಒಣಮೀನು ಮಾರುತ್ತಿದ್ದವಳು, ನನಗೆ ವ್ಯಾಪಾರ ಕಲಿಸಿದವಳು. ಆರು ತಿಂಗಳಲ್ಲಿ ಅರ್ಧಕ್ಕೆ ಇಳಿದುಹೋಗಿದ್ದಳು. ಕೈ ಮುಗಿದು ನನ್ನ ಮುಖದ ಹತ್ತಿರ ಬಂದು ಕೇಳಿದಳು, "ತಾಯೀ, ಅನ್ನ ಗಂಟಲಲ್ಲಿ ಸಿಕ್ಕಂಡು ಇಳಿಯೂದಿಲ್ಲ. ಗಂಜಿ ಮಾತ್ರ ಇಳೀತದೆ. ನಂಗೆ ಎಂತ ಆಗ್ತದೆ? ನಾ ಹೆದರಬೇಕಾ?"

ನನಗೆ ಹುಳಿ ನೀರು ಬಾಯಿಗೆ ಬಂದಿತ್ತು. ಅಜ್ಜಿಯ ಮುಖದ ಮೇಲೆ ಬೀಳಬಾರದೆಂದು, ದೂರ ಸರಿ ಎನ್ನುವಂತೆ ಬಲಗೈ ಎತ್ತಿ ಅಂಗೈ ತೋರಿಸಿದೆ. ಅವಳ ಮುಖ ಅರಳಿತು. "ಅಭಯ ಕೊಡ್ತು!" ಎಂದು ಎಲ್ಲರಿಗೂ ಹೇಳಿದಳು. ನಾನು ಜನರನ್ನು ತಳ್ಳಿಕೊಂಡು ಹೊರಗೆ ಓಡಿ, ತುಳಸಿಕಟ್ಟೆಯ ಹಿಂದೆ ಬಗ್ಗಿ ಎಲ್ಲವನ್ನೂ ಕಕ್ಕಿದೆ.

ಮರುದಿನ ಪೇಟೆಯಲ್ಲಿ ನನ್ನನ್ನು ಕಂಡರೆ ಜನ ಚಪ್ಪಲಿ ಬಿಟ್ಟು ಮಾತಾಡತೊಡಗಿದರು. ಮೀನಿನ ಬುಟ್ಟಿಯ ಮುಂದೆ ಚಪ್ಪಲಿ ಬಿಡುವುದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಂಗಡೆಗೆ ಯಾರೂ ಚೌಕಾಸಿ ಮಾಡಲಿಲ್ಲ. ಆ ದಿನವೇ ಬಾಯಿಬಿಟ್ಟು ಹೇಳಬೇಕಿತ್ತು. ಆದರೆ ಕಾಲಿಗೆ ಬಿದ್ದವರ ಎದುರು ನಿಂತು, ಅದು ತಾಯಿಯಲ್ಲ, ನನ್ನ ಹೊಟ್ಟೆ ಎಂದು ಹೇಗೆ ಹೇಳಲಿ? ಇನ್ನೊಂದು ಹೆದರಿಕೆಯೂ ಇತ್ತು. ನಿಜವಾಗಿ ತಾಯಿಯೇ ಬಂದಿದ್ದರೆ? ಅಲ್ಲ ಎನ್ನಲು ನಾನು ಯಾರು?

ಒಂದು ವಾರ ಕಳೆದು ನಾಗಮ್ಮಜ್ಜಿ ಅಬ್ಬಲಿಗೆ ಹೂವಿನ ದಂಡೆ ತಂದು ನನ್ನ ಮುಡಿಗೆ ತಾನೇ ಸಿಕ್ಕಿಸಿದಳು. "ಮಗಳು ಕಾರವಾರಕ್ಕೆ ಆಸ್ಪತ್ರೆಗೆ ಹೋಪ ಅಂದಳು. ಬ್ಯಾಡ ಅಂದೆ. ತಾಯಿಯೇ ಕೈ ತೋರ್ಸಿದ ಮೇಲೆ ಡಾಕ್ಟರ್ ಎಂತಕ್ಕೆ? ನಾ ಬಾಳೆಗುಳಿಗೆ ಮಗಳ ಮನೇಲೇ ಇರ್ತೆ ಇನ್ನು" ಎಂದಳು. ಅವಳು ಕೋಲೂರಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋಗುವುದನ್ನು ನೋಡುತ್ತ ಕುಳಿತೆ. ನನ್ನ ಜನ್ಮದಲ್ಲಿ ಅಷ್ಟು ನಾಚಿಕೆಪಟ್ಟದ್ದಿಲ್ಲ. ಆದರೂ ಎದ್ದು ಹೋಗಿ ಅವಳನ್ನು ತಡೆಯಲಿಲ್ಲ.

ಮನೆಗೆ ಬಂದು ಗಂಡನ ಎದುರು ಅತ್ತೆ. ಅವರು ಮೊದಲು ನಕ್ಕರು, ಆಮೇಲೆ ನನ್ನ ಮುಖ ನೋಡಿ ಹತ್ತಿರ ಬಂದು ಕೂತರು. "ಊರವರು ಹುಣ್ಣಿಮೆಗೆ ಪ್ರಸಾದ ಕೇಳ್ತ್ರಂತೆ. ಭಾರ ಹೊರೂಕೆ ನಿನ್ನೇ ತಾಯಿ ಆರ್ಸಿದ್ದಾ ಅಂತ" ಎಂದರು.

ಪ್ರಸಾದ ಕೇಳುವುದೆಂದರೆ, ಗುನಗರು ಒದ್ದೆ ಮಾಡಿದ ಹೂವಿನ ಎಸಳುಗಳನ್ನು ದೇವಿಯ ಎರಡೂ ಭುಜಕ್ಕೆ ಹಚ್ಚಿ ಪ್ರಶ್ನೆ ಕೇಳುತ್ತಾರೆ. ಬಲದ ಎಸಳು ಬಿದ್ದರೆ ಹೌದು, ಎಡದ್ದು ಬಿದ್ದರೆ ಅಲ್ಲ. ಬಲ ಪ್ರಸಾದವಾದರೆ ನಾನು ಜೀವ ಇರುವ ತನಕ ಜನರ ಪ್ರಶ್ನೆಗಳಿಗೆ ಉತ್ತರ ಹೇಳುತ್ತ ನಿಲ್ಲಬೇಕು. ಒಂದು ಅಂಗೈ ತೋರಿಸಿದ್ದಕ್ಕೇ ಒಬ್ಬಳು ಆಸ್ಪತ್ರೆ ಬಿಟ್ಟಿದ್ದಳು. ಆ ಹುಣ್ಣಿಮೆಯ ತನಕ ನಾನು ಒಂದೇ ಬೇಡಿಕೆ ಬೇಡಿದೆ. "ತಾಯೀ, ಇದು ಏನೆಂದು ನೀನೇ ಎಲ್ಲರೆದುರು ಹೇಳು. ನನ್ನ ಮಾನ ಹೋದರೂ ಅಡ್ಡಿಯಿಲ್ಲ."

ಹುಣ್ಣಿಮೆಯ ದಿನ ಬೀರಣ್ಣ ಎಸಳು ಹಚ್ಚಿ, "ತಾಯೀ, ಆ ದಿನ ಈ ಹೆಣ್ಣಿನ ಮೈಮೇಲೆ ಬಂದದ್ದು ನೀನೇ ಹೌದಾದರೆ ಇವಳನ್ನು ನಿನ್ನ ಸೇವೆಗೆ ತಕ್ಕೋ. ಬಲ ಕೊಡು" ಎಂದು ಕೇಳಿದರು. ನಾನು ಗರ್ಭಗುಡಿಯ ದೀಪವನ್ನೇ ನೋಡುತ್ತಿದ್ದೆ. ಎಡದ ಎಸಳು ಜಾರಿ ತಾಯಿಯ ಪಾದದ ಮೇಲೆ ಬಿತ್ತು.

ಹಿಂದೆ ಗುಸುಗುಸು ಎದ್ದಿತು. ಕಾಲಿಗೆ ಬಿದ್ದಿದ್ದ ಒಬ್ಬ ಹೆಂಗಸು, "ಹಂಗಾರೆ ಅದು ಬರೀ ನಾಟಕವಾ?" ಎಂದಳು. ಯಾರೋ ಗಂಡಸು ತೇಗಿನ ಶಬ್ದ ಮಾಡಿದ, ಕೆಲವರು ಮುಸಿಮುಸಿ ನಕ್ಕರು. ನೆಲ ಬಾಯ್ತೆರೆಯಬಾರದೇ ಅನಿಸಿತು. ಮಾನ ಹೋದರೂ ಅಡ್ಡಿಯಿಲ್ಲ ಎಂದವಳು ನಾನೇ ತಾನೆ, ತಾಯಿ ಆ ಮಾತನ್ನೂ ಬಿಡದೆ ಹಿಡಿದಳು.

ಬೀರಣ್ಣ ಜನರ ಕಡೆ ತಿರುಗಿ ನೋಡಲೇ ಇಲ್ಲ. ನನ್ನನ್ನೇ ಕೇಳಿದರು. "ಸುಮಿತ್ರಾ, ನಿಜ ಹೇಳು. ಆ ದಿನ ನಿಂಗೆ ಎಂತ ಆಗಿತ್ತು?"

"ಎದೆ ಉರಿ ಬೀರಣ್ಣ. ಹುಳಿತೇಗು. ಎರಡು ವರ್ಷ ಆಯ್ತು. ಉಪವಾಸ ಮಾಡಿದಷ್ಟೂ ಜೋರಾಗ್ತದೆ."

"ಹಂಗಾರೆ ಅದನ್ನೇ ಕೇಳ್ವ" ಎಂದು ಅವರು ಹೊಸ ಎಸಳು ಹಚ್ಚಿದರು. "ತಾಯೀ, ಇವಳು ಡಾಕ್ಟರ ಹತ್ರ ಹೋಪದು ನಿಂಗೆ ಒಪ್ಪಿಗೆಯಾ?" ಅವರ ಮಾತು ಮುಗಿದಿತ್ತೋ ಇಲ್ಲವೋ, ಬಲದ ಎಸಳು ಬಿತ್ತು. ನನಗೆ ದುಃಖ ಉಕ್ಕಿ ಬಂತು. ಎರಡು ವರ್ಷ ನಾನು ಉಪವಾಸ ಕೊಡುತ್ತಲೇ ಇದ್ದೆ, ನಿನಗೆ ಏನು ಬೇಕು ಎಂದು ತಾಯಿಯನ್ನು ಒಮ್ಮೆಯೂ ಕೇಳಿರಲಿಲ್ಲ.

ಮರುದಿನವೇ ಕಾರವಾರದ ಬಸ್ಸು ಹತ್ತಿದೆ. ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಬೆಂಚಿನ ಮೇಲೆ ಕೂತರೆ, ನನ್ನಿಂದ ಮೀನಿನ ವಾಸನೆ ಬರುತ್ತದೆಯೇನೋ ಎಂದು ಸೆರಗು ಎಳೆದುಕೊಳ್ಳುತ್ತ ಕೂತಿದ್ದೆ. ಡಾಕ್ಟರ್ ನನ್ನ ಮಗಳ ವಯಸ್ಸಿನ ಹುಡುಗಿ. ಏನು ತಿನ್ನುತ್ತೀರಿ, ಯಾವಾಗ ತಿನ್ನುತ್ತೀರಿ, ತಿಂದು ಎಷ್ಟು ಹೊತ್ತಿಗೆ ಮಲಗುತ್ತೀರಿ ಎಂದು ಒಂದೊಂದಾಗಿ ಕೇಳಿದಳು. ಚಹಾ, ಕವಳ, ನೋವಿನ ಮಾತ್ರೆ, ಸಾಬುದಾಣಿ ಎಂದು ಹೇಳುತ್ತ ಹೋದ ಹಾಗೆ ನನ್ನ ತಲೆ ತಗ್ಗುತ್ತ ಹೋಯಿತು. ತಾಯಿಗೆ ಕೊಟ್ಟ ಸೇವೆ ಎಂದುಕೊಂಡದ್ದೆಲ್ಲ ಅಲ್ಲಿ ರೋಗದ ಕಾರಣವಾಗಿ ಹೊರಬರುತ್ತಿತ್ತು.

ಅವಳು ನಗಲಿಲ್ಲ. ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಒಂದು ಬಾಗಿಲಿನಂಥದ್ದು ಇರುತ್ತದೆ, ಅದು ಸಡಿಲವಾದರೆ ಹೊಟ್ಟೆಯ ಹುಳಿ ಮೇಲೆ ಬರುತ್ತದೆ, ಹೊಟ್ಟೆ ತುಂಬ ತಿಂದು ಮಲಗಿದರಂತೂ ಸುಲಭವಾಗಿ ಬರುತ್ತದೆ ಎಂದು ವಿವರಿಸಿದಳು. "ನೋವಿನ ಮಾತ್ರೆ ಬರೀ ಹೊಟ್ಟೆಗೆ ತಕ್ಕೊಂಡ್ರೆ ಹುಣ್ಣಾಗ್ತದೆ ಅಮ್ಮಾ. ನಿಮ್ಮ ದನಿ ಒಡೆದದ್ದೂ ಈ ಹುಳಿಯಿಂದಲೇ ಇರಬೇಕು. ಕೋಕಂ ಒಳ್ಳೇದೇ, ಆದ್ರೆ ಅದೂ ಹುಳಿ. ನಿಮಗೆ ಸದ್ಯಕ್ಕೆ ಬೇಡ."

ಕೊಳವೆ ಇಳಿಸಿ ಒಳಗೆ ನೋಡಿದರು. ಕೆರೆದಂತೆ ಕೆಂಪಾಗಿದೆ, ಸಣ್ಣ ಹುಣ್ಣುಗಳಿವೆ, ಹೆದರುವಂಥದ್ದಿಲ್ಲ ಎಂದರು. ಬೆಳಿಗ್ಗೆ ತಿನ್ನುವ ಅರ್ಧ ತಾಸು ಮೊದಲು ನುಂಗುವ ಮಾತ್ರೆಯನ್ನು ಎರಡು ತಿಂಗಳಿಗೆ ಬರೆದುಕೊಟ್ಟಳು. ಸಂಜೆ ಬೇಗ, ಸ್ವಲ್ಪವೇ ಉಣ್ಣಬೇಕು. ಉಂಡು ಮೂರು ತಾಸಾದರೂ ಮಲಗಬಾರದು, ಬುಟ್ಟಿ ಎತ್ತಲು ಬಗ್ಗಲೂ ಬಾರದು. ಮಂಚದ ತಲೆಯ ಕಡೆ ಎತ್ತರ ಮಾಡಬೇಕು, ಎಡಮಗ್ಗುಲಿಗೆ ಮಲಗಬೇಕು, ಲಂಗದ ಲಾಡಿ ಬಿಗಿಯಾಗಿ ಕಟ್ಟಬಾರದು, ಕವಳ ಬಿಡಬೇಕು. "ಉಪವಾಸ ಬಿಡಿ ಅಂತ ನಾ ಹೇಳೂದಿಲ್ಲ. ನಿಮ್ಮ ದೇವರನ್ನೇ ಕೇಳಿ. ಆದ್ರೆ ಹೀಗೆ ಮಾಡಿದ್ರೆ ಯಾರಿಗಾದ್ರೂ ಉರೀತದೆ" ಎಂದಳು.

ಏಳುವಾಗ ಅವಳು ಕೊನೆಯ ಮಾತು ಹೇಳಿದಳು. "ಉರಿ ಬೇರೆ. ಅನ್ನ ಗಂಟಲಲ್ಲಿ ಸಿಕ್ಕಿಕೊಳ್ಳೋಕೆ ಶುರುವಾದ್ರೆ, ಕಾರಣ ಇಲ್ಲದೆ ಮೈ ಇಳಿದ್ರೆ, ಮಲ ಕಪ್ಪಾದ್ರೆ, ಒಂದು ದಿನವೂ ಕಾಯಬಾರದು. ಕೂಡಲೇ ಬರಬೇಕು."

ನಾನು ಆ ಕುರ್ಚಿಗೆ ಮತ್ತೆ ಕೂತುಬಿಟ್ಟೆ. ಡಾಕ್ಟರ್, "ನಿಮಗೆ ಹಾಗೆ ಆಗ್ತಿದೆಯಾ?" ಎಂದು ಗಾಬರಿಯಾದಳು. "ನಂಗಲ್ಲ" ಎಂದೆ. ಚೀಟಿ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಅರ್ಗಾದ ಉದ್ದ ಗೋಡೆ ಹಿಂದೆ ಸರಿಯುವುದನ್ನು ನೋಡುತ್ತ, ನನ್ನ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದೆ. ಅಂಕೋಲೆಯಲ್ಲಿ ಇಳಿದು ಮನೆಗೆ ಹೋಗದೆ ಇನ್ನೊಂದು ಬಸ್ಸು ಹತ್ತಿ ಬಾಳೆಗುಳಿಗೆ ಹೋದೆ.

ನಾಗಮ್ಮಜ್ಜಿ ಮಗಳ ಮನೆಯ ಜಗಲಿಯಲ್ಲಿ ಗಂಜಿಯ ಬಟ್ಟಲು ಹಿಡಿದು ಕೂತಿದ್ದಳು. ಗಂಜಿಯೂ ಗುಟುಕು ಗುಟುಕಾಗಿ, ಕಣ್ಣು ಮುಚ್ಚಿ ನುಂಗುತ್ತಿದ್ದಳು. ಎಡ ಪ್ರಸಾದವಾದದ್ದು ಅವಳ ಕಿವಿಗೂ ಬಿದ್ದಿತ್ತು. ನಾನು ಬಾಯಿ ತೆರೆಯುವ ಮೊದಲೇ, "ಹೂ ಬಿದ್ದದ್ದು ನೀ ಭಾರ ಹೊರೂದು ಬ್ಯಾಡ ಅಂತ. ಆ ದಿನ ನಂಗೆ ಕೈ ತೋರ್ಸಿದ್ದು ತಾಯಿಯೇ. ನಂಗೆ ಗೊತ್ತು" ಎಂದಳು. ಅವಳ ನಂಬಿಕೆಯಷ್ಟು ನನ್ನನ್ನು ಬೇರಾವುದೂ ಸುಟ್ಟಿರಲಿಲ್ಲ.

ನಾನು ಅವಳ ಕಾಲು ಹಿಡಿದೆ. "ಅಜ್ಜೀ, ಅದು ತಾಯಿಯ ಕೈಯಲ್ಲ. ನನ್ನ ಕೈ. ಬಾಯಿಗೆ ಹುಳಿ ನೀರು ಬಂದಿತ್ತು, ನಿನ್ನ ಮೇಲೆ ಬೀಳ್ತದೆ ಅಂತ ದೂರ ಸರಿ ಅಂದೆ. ನೀ ಪೇಟೆಗೆ ಹೂ ತಂದ ದಿನವೇ ಹೇಳಬೇಕಾಗಿತ್ತು. ನಾಚಿಕೆಯಾಗಿ ಹೇಳಲಿಲ್ಲ."

ಅವಳು ಬಟ್ಟಲು ಕೆಳಗಿಟ್ಟಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಅಂಗಳದ ಕಡೆ ನೋಡುತ್ತ, ಮಗುವಿನ ಹಾಗೆ ಕೇಳಿದಳು. "ಹಂಗಾರೆ ತಾಯಿ ನಂಗೆ ಎಂತದೂ ಹೇಳ್ಲೇ ಇಲ್ವಾ?"

ನಾನು ಅವಳ ಕಾಲು ಬಿಡಲಿಲ್ಲ. ಅಳುತ್ತಲೇ, "ನಂಗೆ ಡಾಕ್ಟರ ಹತ್ರ ಹೋಗೂಕೆ ಬಲ ಕೊಟ್ಟಿದ್ದು ತಾಯಿ. ಅಲ್ಲಿ ನಿನ್ನ ರೋಗದ ಮಾತು ನನ್ನ ಕಿವಿಗೆ ಹಾಕ್ತು. ನಾಳೆ ನನ್ನ ಸಂಗಡ ಬಾ ಅಜ್ಜೀ. ನಾ ವ್ಯಾಪಾರಕ್ಕೆ ಹೋಗೂದಿಲ್ಲ" ಎಂದೆ. ಅವಳು ಒಳಗಿದ್ದ ಮಗಳನ್ನು ಕರೆದು, "ನನ್ನ ಹಸಿರು ಸೀರೆ ತೆಗೆದಿಡೇ" ಎಂದಳು.

ಅದೇ ಡಾಕ್ಟರ್ ನೋಡಿದಳು. ವರ್ಷಗಟ್ಟಲೆ ಯಾರಿಗೂ ಹೇಳದೆ ಉರಿ ನುಂಗಿಕೊಂಡು ಬಂದದ್ದರಿಂದ ಅಜ್ಜಿಯ ಅನ್ನನಾಳ ಗಾಯವಾಗಿ, ಮಾಗಿ, ಮತ್ತೆ ಗಾಯವಾಗಿ ಬೆರಳಿನಷ್ಟೂ ದಾರಿ ಉಳಿದಿರಲಿಲ್ಲ. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವ ತನಕ ನಾನು ಹೇಗಿದ್ದೆನೆಂದು ತಾಯಿಗೇ ಗೊತ್ತು. ಏನಾದರೂ ಕೆಟ್ಟದ್ದಾಗಿದ್ದರೆ ನನ್ನ ಅಂಗೈ ಅದಕ್ಕೆ ಕಾರಣವಾಗಿರುತ್ತಿತ್ತು. ಕೆಟ್ಟದ್ದಲ್ಲ ಎಂದು ಬಂತು. ಆ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಾನು ಅತ್ತದ್ದನ್ನು ಕಂಡು ದಾರಿಹೋಕರು ಯಾರೋ ಸತ್ತರೆಂದುಕೊಂಡಿರಬೇಕು. ದೊಡ್ಡ ಆಸ್ಪತ್ರೆಗೆ ಕಳಿಸಿ, ಆ ಇಕ್ಕಟ್ಟನ್ನು ಕೊಳವೆಯಿಂದ ಸ್ವಲ್ಪ ಸ್ವಲ್ಪವಾಗಿ ಅಗಲಿಸಿದರು. ಇನ್ನೂ ತಡ ಮಾಡಿದ್ದರೆ ಗಂಜಿಯೂ ಇಳಿಯುತ್ತಿರಲಿಲ್ಲ ಎಂದು ಅಲ್ಲಿಯವರು ಹೇಳಿದರು.

ನನ್ನ ಉಪವಾಸಗಳ ವಿಷಯವನ್ನೂ ಬೀರಣ್ಣ ಪ್ರಸಾದ ಕೇಳಿ ಬಿಡಿಸಿಕೊಟ್ಟರು. ಅದರ ಬದಲಿಗೆ ನಾನು ಹೊತ್ತ ಹರಕೆ ಇಷ್ಟೇ. ತಾಯಿಗೆ ಸಂಜೆಯ ದೀಪ ಹಚ್ಚುವ ಮೊದಲೇ ನನ್ನ ಊಟ ಮುಗಿದಿರಬೇಕು. ಗಂಡ ಮಂಚದ ತಲೆಕಡೆಯ ಕಾಲುಗಳಿಗೆ ಚಿರೆಕಲ್ಲು ಕೊಟ್ಟಿದ್ದಾರೆ. ಮೊದಮೊದಲು ಜಾರಿ ಕೆಳಗೆ ಬರುತ್ತಿದ್ದೆವು, "ದೋಣಿ ಏರಿ ಮಲಗಿದಾಂಗೆ ಅದೆ" ಎಂದು ಅವರು ಗೊಣಗಿದರೂ ಕಲ್ಲು ತೆಗೆಯಲಿಲ್ಲ. ಕವಳ ಬಿಡುವುದು ಎಲ್ಲಕ್ಕಿಂತ ಕಷ್ಟವಾಯಿತು. ಉರಿ ಪೂರ್ತಿ ಹೋಗಿದೆ ಎಂದು ಸುಳ್ಳು ಹೇಳಲಾರೆ, ಮದುವೆ ಮನೆಯಲ್ಲಿ ತಡವಾಗಿ ಉಂಡರೆ ಈಗಲೂ ನೆನಪು ಮಾಡಿಕೊಡುತ್ತದೆ. ದನಿ ಮಾತ್ರ ಮರಳಿ ಬಂದಿದೆ. ಪೇಟೆಯಲ್ಲಿ ಜನ ಮತ್ತೆ ಚೌಕಾಸಿ ಮಾಡುತ್ತಾರೆ, ಕೆಲವರು ನನ್ನನ್ನು ಕಂಡು ತೇಗಿನ ಶಬ್ದವನ್ನೂ ಮಾಡುತ್ತಾರೆ. ಮಾಡಲಿ.

ಚೈತ್ರದ ಒಂದು ಶುಕ್ರವಾರ ನಾಗಮ್ಮಜ್ಜಿ ಅದೇ ಹಸಿರು ಸೀರೆಯುಟ್ಟು ದೇವಸ್ಥಾನಕ್ಕೆ ಬಂದಳು. ಆರತಿಯ ಹಾಡನ್ನು ನಾನೇ ಎತ್ತಿಕೊಟ್ಟೆ. ಹಾಡುವಾಗ ಎರಡೂ ಕೈ ಗಟ್ಟಿಯಾಗಿ ಮುಗಿದಿದ್ದೆ, ನೊಣ ಕೂತರೂ ಎತ್ತಲಿಲ್ಲ. ಈಗ ನನ್ನ ರೂಢಿಯೇ ಅದು. ಬೀರಣ್ಣ ಪ್ರಸಾದವೆಂದು ಬೆಲ್ಲ, ಕಾಯಿ ಹಾಕಿದ ಅವಲಕ್ಕಿ ಕೊಟ್ಟರು. ಅಜ್ಜಿ ಅದನ್ನು ಹಿಡಿದು ನನ್ನ ಹತ್ತಿರ ಬಂದಾಗ ನಾನು ಕಂಬದ ಹಿಂದೆ ಸರಿಯಲು ನೋಡಿದೆ. ಅವಳ ಮುಖ ನೋಡಲು ನನಗೆ ಇನ್ನೂ ಧೈರ್ಯವಿರಲಿಲ್ಲ.

"ಎಲ್ಲಿ ಹೋಗ್ತೆ? ಆ ಕೈ ಕೊಡು ಇಲ್ಲಿ" ಎಂದಳು.

ಸುತ್ತ ಜನರಿದ್ದರು. ನಾನು ಬಲಗೈ ಮುಂದೆ ಮಾಡಿದೆ. ಅವಳು ಅದನ್ನು ಹಿಡಿದು ಅಂಗೈಯನ್ನು ತನ್ನ ಗಂಟಲಿಗೆ ಒತ್ತಿಕೊಂಡಳು. ಇನ್ನೊಂದು ಕೈಯಿಂದ ಅವಲಕ್ಕಿಯನ್ನು ಬಾಯಿಗೆ ಹಾಕಿ, ನಿಧಾನವಾಗಿ ಅಗಿದು, ನುಂಗಿದಳು. ನನ್ನ ಅಂಗೈಯ ಕೆಳಗೆ ಆ ತುತ್ತು ಇಳಿದು ಹೋಯಿತು.

"ಇಳೀತು, ಕಂಡ್ಯಾ?" ಎಂದಳು. "ನಾ ಕೇಳಿದ್ದಕ್ಕೆ ತಾಯಿ ಇದೇ ಕೈಯಲ್ಲೇ ಹೇಳ್ತು. ನೀ ತಡ ಮಾಡ್ದೆ, ತಾಯಿ ತಡ ಮಾಡ್ಲಿಲ್ಲ."

ನಾಚಿಕೆಯಿಂದ ತಲೆ ತಗ್ಗಿಸಿಯೇ ಇದ್ದೆ. ಆದರೆ ಅವಳು ಎರಡನೇ ತುತ್ತು ಹಾಕಿಕೊಂಡಾಗ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ತಾಯಿಯ ಪಾದಕ್ಕೆ ಶರಣು.